ಕೇಳಲಾರದವರಿಗೆ ಹೇಳಿದ್ದು

ನಾಗಪುರ
೧೮ ಜುಲೈ ೧೯೫೫

ಅಕ್ಕಾ, ನಿನಗೂ ಭಾವನವರಿಗೂ ನಮಸ್ಕಾರ.

ಈ ಸಲ ಒಂದು ಕೆಲಸ ಹಚ್ಚಲು ಬರೆಯುತ್ತಿದ್ದೇನೆ. ನಮ್ಮ ಕಾಲೊನಿಯ ಕನ್ನಡ ಮಂಡಳಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ವರ್ಗ ಶುರುವಾಗಿದೆ. ಇಲ್ಲಿಯ ರೈಲ್ವೆಯವರ ಮಕ್ಕಳು ಮನೆಯಲ್ಲೂ ಮರಾಠಿಯಲ್ಲೇ ಜಗಳವಾಡುತ್ತವೆ. ಊರಿನಿಂದ ಅಜ್ಜಿಯ ಪತ್ರ ಬಂದರೆ ಅಪ್ಪ ಕಚೇರಿಯಿಂದ ಬರುವವರೆಗೆ ಅದು ಗೂಡಿನಲ್ಲೇ ಇರುತ್ತದೆ. ನಾನೇ ಕಲಿಸಬಹುದಿತ್ತು. ಆದರೆ ಕಾನ್ವೆಂಟಿನಲ್ಲಿ ಓದಿದ ನನ್ನ ಕನ್ನಡ ನಿನಗೆ ಗೊತ್ತೇ ಇದೆ.

ಟೀಚರು ಸಿಕ್ಕಿದ್ದು ಇಲ್ಲಿಯ ಬರ್ಡಿ ಪೇಟೆಯ ಕಾಯಿಪಲ್ಲೆ ಸಂತೆಯಲ್ಲಿ. ನನ್ನ ಪಕ್ಕ ನಿಂತ ಹುಡುಗಿ ಬದನೆಕಾಯಿಯವಳ ಜೊತೆ ಹರಕು ಮರಾಠಿಯಲ್ಲಿ ವಾದ ಮಾಡಿ ಸೋತು, ತಿರುಗಿ, ತನ್ನಷ್ಟಕ್ಕೆ ತಾನೇ, 'ನಿನ್ನ ಬದನಿಕಾಯಿ ನಿನ್ನ ಹೊಟ್ಟ್ಯಾಗ ಹುಳ ಆಗಲಿ' ಅಂದಳು. ಹತ್ತು ವರ್ಷವಾಗಿತ್ತು ಅಕ್ಕಾ, ಬೀದಿಯಲ್ಲಿ ಅಂಥ ಬೈಗುಳ ಕೇಳಿ. ನಾನು ನಕ್ಕುಬಿಟ್ಟೆ. ಅವಳು ನಾಲಗೆ ಕಚ್ಚಿಕೊಂಡಳು. ಹೆಸರು ಕಲಾವತಿ. ಗಂಡ ಮರಿಯಪ್ಪ ಇಂಜಿನ್ ಶೆಡ್ಡಿನಲ್ಲಿ ಫಿಟ್ಟರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಾಳೆ, ಅಕ್ಷರ ಮುತ್ತಿನಂತೆ. ಮಂಡಳಿಯ ಅಧ್ಯಕ್ಷ ವ್ಯಾಸರಾಯರೂ ಅವಳ ಪಾಠ ಕೇಳಿ ತಲೆದೂಗಿದರು. ಮಂಡಳಿಯ ಇನ್ನೊಬ್ಬ ಹಿರಿಯ ಗುಂಡಪ್ಪನವರು ತಮ್ಮ ಹಿತ್ತಿಲ ಖೋಲಿಯನ್ನೇ ಬಾಡಿಗೆಗೆ ಕೊಟ್ಟಿದ್ದಾರೆ. ಈಗ ಎಲ್ಲ ಮನೆಯಲ್ಲೂ ಅವಳೇ ಮಗಳು.

ಒಂದನೆಯ, ಎರಡನೆಯ ಇಯತ್ತೆಯ ಪುಸ್ತಕಗಳನ್ನು ಕಳಿಸುವೆಯಾ? ಇಲ್ಲಿ ಸಿಗುವುದಿಲ್ಲ.

ನಿನ್ನ
ಸತ್ಯಭಾಮಾ


ಧಾರವಾಡ
೨ ಆಗಸ್ಟ್ ೧೯೫೫

ಚಿ. ಸೌ. ಸತ್ಯಾಗ ಆಶೀರ್ವಾದ.

ಪುಸ್ತಕ ಪಾರ್ಸೆಲ್ ಮಾಡಿಸೇನಿ. ಎರಡು ಹೆಚ್ಚಿಗೇ ಇಟ್ಟೀನಿ, ಹುಡುಗರ ಕೈಯಾಗ ಪುಸ್ತಕ ಎಷ್ಟು ದಿನ ಬಾಳತಾವ. ಅದರ ಮ್ಯಾಲೆ ಮೆಂತೆಹಿಟ್ಟಿನ ಡಬ್ಬಿ ಅದ, ಒಡದು ಪುಸ್ತಕಕ್ಕ ಹತ್ತಿದ್ದರ ಬೈಬ್ಯಾಡ.

ನಿನ್ನ ಟೀಚರಬಾಯಿ ಬಗ್ಗೆ ಎರಡು ಪುಟ ಬರದೀದಿ, ಯಾರ ಪೈಕಿ ಅಂತ ಒಂದು ಅಕ್ಷರ ಬರದಿಲ್ಲ. ಗುಂಡಪ್ಪ ಖೋಲಿ ಕೊಟ್ಟಾನ ಅಂದ್ರ ಲಿಂಗಾಯತರೇನು? ವಿಚಾರಸಿ ಬರಿ. ಊರು ಬಿಟ್ಟವರಿಗೆ ಭಾಷಾನೇ ಬಳಗ ಆಗತದ, ಖರೆ. ಆದ್ರ ಭಾಷಾ ಎಲ್ಲಾರಿಗೂ ಬರತದ.

ಆಶೀರ್ವಾದಗಳೊಂದಿಗೆ
ಸುಭದ್ರಾ


ನಾಗಪುರ
೨೦ ಆಗಸ್ಟ್ ೧೯೫೫

ಅಕ್ಕಾ,

ಪುಸ್ತಕ ಬಂದವು, ಮೆಂತೆಹಿಟ್ಟೂ ಬಂತು, ಎರಡೂ ಕ್ಷೇಮ. ಮಕ್ಕಳು ಹೊಸ ಪುಸ್ತಕ ಮೂಸಿ ನೋಡಿ 'ಧಾರವಾಡದ ವಾಸನೆ' ಅಂದವು. ಕಲಾವತಿ ನಿನಗೆ ನಮಸ್ಕಾರ ಹೇಳಿದ್ದಾಳೆ. ಧಾರವಾಡದ ಅಕ್ಕ ಪುಸ್ತಕ ಕಳಿಸಿದರು ಎಂದು ತನ್ನ ಅವ್ವನಿಗೂ ಬರೆದಳಂತೆ.

ನಿನ್ನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಏಕೆಂದರೆ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಸಿಟ್ಟಾಗಬೇಡ. ಗೊತ್ತಿರುವುದಿಷ್ಟು. ಅವಳ ತವರು ಬೆಟಗೇರಿ, ಕಲಿತದ್ದು ಅಲ್ಲಿಯ ಮಿಷನ್ ಶಾಲೆ, ಅಪ್ಪ ಇಲ್ಲ, ಅವ್ವ ಮತ್ತು ಅಣ್ಣ ಹನುಮಂತ ಇದ್ದಾರೆ. ಇದಕ್ಕಿಂತ ಹೆಚ್ಚು ತಿಳಿದು ನಾನು ಮಾಡುವುದೇನು? ಇಲ್ಲಿ ಕನ್ನಡ ಮಾತಾಡುವವರು ನೂರು ಮನೆಯೂ ಇಲ್ಲ. ಅದರಲ್ಲೇ ಗೆರೆ ಕೊರೆದರೆ ಉಳಿಯುವುದೇನು?

ದಸರೆಗೆ ಮಂಡಳಿಯ ನಾಡಹಬ್ಬ ಇದೆ, ಎಲ್ಲರ ಸಹಭೋಜನ. ಹೋಳಿಗೆ ಬೇಯಿಸುವ ಉಸ್ತುವಾರಿ ಕಲಾವತಿಯದು. ನೀನು ಇದ್ದಿದ್ದರೆ ಚೆನ್ನಾಗಿತ್ತು.

ಸತ್ಯಭಾಮಾ


ಧಾರವಾಡ
೧೪ ನವೆಂಬರ್ ೧೯೫೫

ಸತ್ಯಾ,

ಬಹಳ ದಿವಸ ಬರಿಲಿಲ್ಲ. ದೀಪಾವಳಿ ಕೆಲಸ, ಮ್ಯಾಲೆ ಇವರ ಮೊಣಕಾಲು. ಬೆಟಗೇರಿ ಲಕ್ಷ್ಮವ್ವ ಸೀರಿ ಗಂಟು ಹೊತಗೊಂಡು ಬಂದಿದ್ದಳು. ನಿನಗೊಂದು ಟೋಪ ತೆನಿ ಸೆರಗಿನ ಸೀರಿ ತಗೊಂಡೀನಿ, ಅಂಚು ಛಲೋ ಅದ. ಆಕಿ ಮಾತಾಡಲಿಕ್ಕೆ ಕೂತಳಂದ್ರ ಇಡೀ ಬೆಟಗೇರಿ ನಮ್ಮ ಪಡಸಾಲಿಯೊಳಗ ಬಂದು ಕೂಡತದ.

ನಾಡಹಬ್ಬ ಸಾಂಗ ಆತೇನು? ಹೋಳಿಗಿ ಎಲ್ಲಾರೂ ಉಂಡರೇನು? ವ್ಯಾಸರಾಯರ ತಾಯಿನೂ ಉಂಡರೇನು?

ಸುಭದ್ರಾ


ನಾಗಪುರ
೧೦ ಡಿಸೆಂಬರ್ ೧೯೫೫

ಅಕ್ಕಾ,

ಸೀರೆ ಬಂತು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಇಲ್ಲಿ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಹೋದ ಸೋಮವಾರ ಕಲಾವತಿಯ ವರ್ಗಕ್ಕೆ ಒಂದು ಮಗುವೂ ಬರಲಿಲ್ಲ. ಮರುದಿನವೂ ಇಲ್ಲ. ನಾನು ಮನೆಮನೆಗೆ ಹೋದೆ. ಒಬ್ಬರಿಗೆ ನೆಗಡಿ, ಒಬ್ಬರಿಗೆ ಪರೀಕ್ಷೆ. ಕಡೆಗೆ ಒಂದು ಮನೆಯ ಅಂಗಳದಲ್ಲಿ ಪಾಟಿಯನ್ನು ಹುಣಸೆಹಣ್ಣು ಹಚ್ಚಿ ತೊಳೆದು ಬಿಸಿಲಿಗೆ ಒರಗಿಸಿ ಇಟ್ಟದ್ದನ್ನು ಕಂಡೆ. ಕಲಾವತಿ ಕೈ ಹಿಡಿದು ತಿದ್ದಿಸಿದ ಪಾಟಿ. ಆಗ ಅರ್ಥವಾಯಿತು. ಅವಳು ಹರಿಜನರವಳು ಎಂದು ಯಾರಿಗೋ ಗೊತ್ತಾಗಿದೆ.

ವ್ಯಾಸರಾಯರ ತಾಯಿ ಪಂಚಗವ್ಯ ಸೇವಿಸಿ ಹಾಸಿಗೆ ಹಿಡಿದಿದ್ದಾರೆ. ದಸರೆಯಲ್ಲಿ ಉಂಡ ಹೋಳಿಗೆಗೆ ಈಗ ಶುದ್ಧಿ! ಗುಂಡಪ್ಪನವರು ಖೋಲಿ ಬಿಡಿಸಿದ್ದಾರೆ. ಬಿಡಿಸಿದ ರೀತಿ ಹೇಳುತ್ತೇನೆ ಕೇಳು. ಮರಿಯಪ್ಪ ಶೆಡ್ಡಿಗೆ ಹೋದ ಹೊತ್ತು ನೋಡಿ, ಇವಳ ಒಲೆಯ ಮೇಲೆ ಕುದಿಯುತ್ತಿದ್ದ ಅನ್ನದ ಪಾತ್ರೆಯನ್ನೇ ಕೋಲಿನಿಂದ ಎತ್ತಿ ಬೀದಿಗೆ ಇಟ್ಟರು. ಬಾಗಿಲಲ್ಲಿ ಸೆಗಣಿ ಸಾರಿಸುತ್ತ ಗುಂಡಪ್ಪನವರ ಹೆಂಡತಿ ಗೌರಮ್ಮ ಅತ್ತರಂತೆ. 'ಮಗಳಂಗ ನೋಡಿದ್ನಲ್ಲ' ಎಂದು ಅತ್ತರು, ಸಾರಿಸುವುದನ್ನು ನಿಲ್ಲಿಸಲಿಲ್ಲ. ಈಗ ಶೆಡ್ಡಿನ ಹಿಂದೆ ಖಲಾಸಿಗಳ ತಗಡಿನ ಸಾಲಿನಲ್ಲಿ ಒಂದು ಮೂಲೆ ಹಿಡಿದಿದ್ದಾರೆ.

ಮಂಡಳಿಯ ಸಭೆಯಲ್ಲಿ ನಾನು ಎದ್ದು ನಿಂತು, ಇದು ಈ ವರ್ಷದ ಹೊಸ ಕಾಯಿದೆಯ ಪ್ರಕಾರ ಅಪರಾಧ ಎಂದೆ. ವ್ಯಾಸರಾಯರು ನಕ್ಕರು. 'ಸತ್ಯಭಾಮಾಬಾಯಿ, ನೀವು ಇಂಗ್ಲಿಷ್ ಓದಿದವರು, ನಿಮಗ ಮೈಲಿಗಿ ಹತ್ತೂದಿಲ್ಲ. ನಮ್ಮ ತಾಯಿ ಕನ್ನಡ ಓದಿದವರು.' ಎಲ್ಲರೂ ನಕ್ಕರು. ನನ್ನ ಯಜಮಾನರು ನಗಲಿಲ್ಲ, ಆದರೆ ಚಾವಣಿ ನೋಡುತ್ತ ಕೂತರು.

ಯಾರು ತಿಳಿಸಿದರೋ ಗೊತ್ತಿಲ್ಲ. ಇಷ್ಟು ದೂರದ ಊರಿಗೆ ಬೆಟಗೇರಿಯ ಕೇರಿಯ ಸುದ್ದಿ ತಂದು ಸುರಿಯುವಷ್ಟು ವಿಷ ಯಾರ ಹೊಟ್ಟೆಯಲ್ಲಿತ್ತು? ನಾನು ಸುಮ್ಮನಿರುವುದಿಲ್ಲ, ಅಕ್ಕಾ. ನೀನಾದರೂ ನನ್ನ ಬೆನ್ನಿಗಿರು.

ಸತ್ಯಭಾಮಾ


ಧಾರವಾಡ
೨೪ ಡಿಸೆಂಬರ್ ೧೯೫೫

ಸತ್ಯಾ,

ಬೈಯೂದಿದ್ದರ ಹೆಸರು ಹಿಡಿದು ಬೈ. ವ್ಯಾಸರಾಯರ ಹೆಂಡತಿಗೆ ಬರದಾಕಿ ನಾನು.

ಲಕ್ಷ್ಮವ್ವನ್ನ ಕೇಳಿದೆ. ಮಿಷನ್ ಶಾಲಿ, ಅಪ್ಪ ಇಲ್ಲ, ಅಣ್ಣನ ಹೆಸರು ಹನುಮಂತ ಅಂದೆ. ಆಕಿ ಗಲ್ಲಕ್ಕ ಕೈ ಹಚ್ಚಿ, 'ಅಯ್ಯ ಬಾಯಾರ, ಅದು ಹೊಲಗೇರಿ ಕಲಾವತಿ ಅಲ್ರೀ' ಅಂದಳು. ನೀನೇ ಬರದ ಗುರುತು, ನಾನು ಹೊಸದೇನೂ ಕೂಡಸಲಿಲ್ಲ. ಮೊದಲು ನಿನಗೇ ಬರೀಬೇಕಂತ ಕಾರ್ಡು ತಗೊಂಡೆ. ನಿನಗ ಬರದಿದ್ದರ ನೀ ಅದನ್ನ ನುಂಗಿ ಕೂಡತಿದ್ದಿ, ಆ ಮುದುಕಿ ಸಂಕ್ರಮಣದಾಗೂ ಆಕಿ ಕೈಲೇ ಉಣತಿದ್ದಳು. ವ್ಯಾಸರಾಯರ ಹೆಂಡತಿ ನಿನ್ನ ಭಾವನವರ ಮಾವಶಿ ಮಗಳು. ಆಕಿ ಮನಿ ಕೆಡಲಿಕ್ಕೆ ಬಿಟ್ಟು ನಾನು ಸುಮ್ಮ ಕೂಡಬೇಕಾಗಿತ್ತೇನು?

ಆ ಹುಡುಗಿ ಮ್ಯಾಲೆ ನನಗೇನೂ ಹಗೆ ಇಲ್ಲ. ಅನ್ನದ ಪಾತ್ರಿ ಬೀದಿಗೆ ಇಟ್ಟದ್ದು ತಪ್ಪು. ಉಂಡು ಮುಗಸೂತನಕ ಕಾಯಬೇಕಾಗಿತ್ತು.

ಸುಭದ್ರಾ


ನಾಗಪುರ
೨೦ ಫೆಬ್ರವರಿ ೧೯೫೬

ಸುಭದ್ರಕ್ಕನವರಿಗೆ,

ಎರಡು ತಿಂಗಳು ನಿನಗೆ ಬರೆಯಬಾರದು ಎಂದುಕೊಂಡೆ. ಈಗ ಬರೆಯುತ್ತಿರುವುದು ಜೊತೆಗಿರುವ ಕತ್ತರಿಕೆಯನ್ನು ನೀನು ನೋಡಲಿ ಎಂದು. ಇಲ್ಲಿಯ ಇಂಗ್ಲಿಷ್ ಪತ್ರಿಕೆಯಲ್ಲಿ ನನ್ನ ಪತ್ರ ಪೂರ್ತಿ ಅಚ್ಚಾಗಿದೆ. ಭಾವನವರು ಓದಿ ಹೇಳುತ್ತಾರೆ. ಮಂಡಳಿಯ ಹೆಸರು, ವ್ಯಾಸರಾಯರ ಹೆಸರು, ಗುಂಡಪ್ಪನವರ ಹೆಸರು, ಎಲ್ಲ ಇದೆ. ಅದರ ನಂತರ ಮರಾಠಿ, ಹಿಂದಿ ಪತ್ರಿಕೆಗಳೂ ಬರೆದವು. ಪೊಲೀಸರು ಬಂದರು. ವ್ಯಾಸರಾಯರು ಈಗ ನಗುವುದಿಲ್ಲ. ನೀನು ಗುಟ್ಟಾಗಿ ಬರೆದೆ. ನಾನು ಬಹಿರಂಗವಾಗಿ, ಸಹಿ ಮಾಡಿ ಬರೆದೆ. ಅಷ್ಟು ವ್ಯತ್ಯಾಸ ನಮ್ಮಿಬ್ಬರಲ್ಲಿ ಉಳಿದಿರಲಿ.

ಒಂದು ವಿಷಯ ಬರೆಯದಿದ್ದರೆ ಅಪ್ರಾಮಾಣಿಕವಾಗುತ್ತದೆ. ಪತ್ರಿಕೆಗೆ ಕಳಿಸುವ ಮೊದಲು ನಾನು ತಗಡಿನ ಸಾಲಿಗೆ ಹೋಗಿ ಕಲಾವತಿಗೆ ಹೇಳಿದೆ. ಅವಳು ಬೇಡವೆಂದಳು. ಮರಿಯಪ್ಪನ ಜೊತೆ ಶೆಡ್ಡಿನಲ್ಲಿ ಕೆಲಸ ಮಾಡುವ ಮರಾಠಿಗರಿಗೆ, ತಗಡಿನ ಸಾಲಿನವರಿಗೆ ಇನ್ನೂ ಏನೂ ಗೊತ್ತಿಲ್ಲವಂತೆ. ಕನ್ನಡದವರು ಒಳಗೊಳಗೇ ಏನೋ ಜಗಳ ಮಾಡಿಕೊಂಡಿದ್ದಾರೆ ಎಂದಷ್ಟೇ ತಿಳಿದಿದ್ದಾರಂತೆ. ಗಂಡನಿಗೆ ಬೇರೆ ಕಡೆ ವರ್ಗ ಮಾಡಿಸಲು ನಮ್ಮ ಯಜಮಾನರಿಂದ ಆದೀತೇ ಎಂದು ಕೇಳಿದಳು. ಅದು ಓಡಿಹೋದಂತೆ ಎಂದೆ. ಆಗ ಅವಳು ಅಂದದ್ದು ಇದು: 'ಬಾಯಾರ, ನಾವು ಸುಳ್ಳು ಹೇಳಿಲ್ಲ. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಇನ್ನ ಕೇಳಲಾರದವರಿಗೂ ನೀವು ಹೇಳಬ್ಯಾಡ್ರಿ.'

ನಾನು ಮನೆಗೆ ಬಂದು ಬಹಳ ಹೊತ್ತು ಯೋಚಿಸಿದೆ. ಅನ್ಯಾಯಕ್ಕೆ ಒಳಗಾದವರು ಹೆದರುವುದು ಸಹಜ. ಅವರ ಹೆದರಿಕೆಗೆ ನಾವೂ ಮಣಿದರೆ ಕಾಯಿದೆ ಯಾತಕ್ಕೆ? ಹೆಸರಿಲ್ಲದೆ ಬರೆದರೆ ಸಂಪಾದಕರು ಅಚ್ಚು ಹಾಕುವುದಿಲ್ಲ, ಹಾಕಿದರೂ ಯಾರೂ ನಂಬುವುದಿಲ್ಲ. ಹಾಗಾಗಿ ಅವಳ ಹೆಸರು, ಗಂಡನ ಹೆಸರು, ಜಾತಿ, ಶೆಡ್ಡು, ಎಲ್ಲ ಬರೆದೆ. ಬರೆಯುವಾಗ ವಾಕ್ಯಗಳು ತಾವಾಗಿ ಬಂದವು. ನಾನು ಅವಳಿಗಾಗಿ ಬರೆದೆನೋ, ನನ್ನ ಇಂಗ್ಲಿಷಿಗಾಗಿ ಬರೆದೆನೋ ಎಂಬ ಅನುಮಾನ ಒಮ್ಮೆ ಬಂತು. ಆದರೂ ಕಳಿಸಿದೆ. ಸರಿಯಾದದ್ದನ್ನೇ ಮಾಡಿದ್ದೇನೆ ಎಂದು ನಂಬಿದ್ದೇನೆ.

ಸತ್ಯಭಾಮಾ


ಧಾರವಾಡ
೫ ಮಾರ್ಚ್ ೧೯೫೬

ಸತ್ಯಾ,

ನಿನ್ನ ಭಾವನವರು ಎರಡು ಸರತಿ ಓದಿ ಹೇಳಿದರು. ಇಂಗ್ಲಿಷು ಭಾರಿ ಅದ ಅಂತ. ಅಪ್ಪ ಇದ್ದಿದ್ದರ ಹಿಗ್ಗತಿದ್ದರು. ನಿನ್ನ ಕಾನ್ವೆಂಟಿಗೆ ಹಾಕಿದ್ದು ಸಾರ್ಥಕ ಆತು.

ನಾನು ಒಂದು ಮನಿಗೆ ತಿಳಿಸಿದ್ದೆ. ನೀ ಊರಿಗೇ ತಿಳಿಸಿದಿ. ವ್ಯತ್ಯಾಸ ಅಂತ ನೀ ಬರದದ್ದು ಇದೇ ಇರಬೇಕು.

ಸುಭದ್ರಾ


ನಾಗಪುರ
೧೬ ಅಕ್ಟೋಬರ್ ೧೯೫೬

ಅಕ್ಕಾ,

ನಿನ್ನ ಮಾರ್ಚಿ ಪತ್ರಕ್ಕೆ ಉತ್ತರ ಕೊಡಲಿಲ್ಲ. ಅದನ್ನು ಹರಿದು ಹಾಕಿದೆ. ಹರಿದರೂ ಬಾಯಿಪಾಠವಾಗಿತ್ತು.

ಮೊಕದ್ದಮೆ ನಮ್ಮ ಕಡೆಗೇ ಆಯಿತು. ವ್ಯಾಸರಾಯರೂ ಗುಂಡಪ್ಪನವರೂ ಸಣ್ಣ ದಂಡ ಕಟ್ಟಿ ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದು ನ್ಯಾಯಾಧೀಶರ ಹತ್ತಿರ. ಯಾರ ಹತ್ತಿರ ಕೇಳಬೇಕಿತ್ತೋ ಅವಳು ಕೋರ್ಟಿಗೆ ಬಂದಿರಲಿಲ್ಲ. ಮಂಡಳಿಯ ವರ್ಗ ಮತ್ತೆ ನಡೆಯುತ್ತಿದೆ, ಬೇರೆ ಟೀಚರು. ಈಗ ಅರ್ಜಿಯಲ್ಲೇ ಊರು, ಮನೆತನ, ಮಠ ಎಲ್ಲ ಬರೆಸಿಕೊಳ್ಳುತ್ತಾರೆ, ಯಾರ ಮನಸ್ಸೂ ನೋಯದಂತೆ. ನನ್ನನ್ನು ಜಿಲ್ಲೆಯ ಹರಿಜನ ಕಲ್ಯಾಣ ಸಮಿತಿಗೆ ಸದಸ್ಯೆಯನ್ನಾಗಿ ಮಾಡಿದರು. ನಾನು ಒಪ್ಪಿಕೊಂಡೆ. ಒಪ್ಪದಿದ್ದರೆ ಆ ಜಾಗಕ್ಕೆ ಇನ್ನೂ ಕೆಟ್ಟವರು ಬರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಪತ್ರಿಕೆಯಲ್ಲಿ ಬಂದ ವಾರವೇ ಶೆಡ್ಡಿನಲ್ಲಿ ಮರಿಯಪ್ಪನ ನೀರಿನ ತಂಬಿಗೆಯನ್ನು ಬೇರೆ ಇಟ್ಟರಂತೆ. ಅವನ ಕೆಳಗೆ ಕೆಲಸ ಮಾಡುತ್ತಿದ್ದವರು ಅವನ ಕೈಯಿಂದ ನಟ್ಟು ಬಿಚ್ಚುವ ಪಾನಾ ಇಸಿದುಕೊಳ್ಳದೆ, ಕೆಳಗೆ ಇಡು, ಎತ್ತಿಕೊಳ್ಳುತ್ತೇವೆ ಅಂದರಂತೆ. ಒಂದು ತಿಂಗಳು ತಡೆದುಕೊಂಡು ಕಾಯಂ ನೌಕರಿಯನ್ನು ಬಿಟ್ಟು ಹೋದ. ಎಲ್ಲಿಗೆ ಎಂದು ಯಾರಿಗೂ ಹೇಳಿರಲಿಲ್ಲ. ಇಲ್ಲಿಗೆ ಹತ್ತಿರದ ಕಳಮೇಶ್ವರದ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದಾನೆ ಎಂದು ನಾನು ಸಮಿತಿಯ ಹೆಸರಿನಲ್ಲಿ ವಿಚಾರಿಸಿ ತಿಳಿದುಕೊಂಡೆ.

ಹೋದ ಶುಕ್ರವಾರ ಸಮಿತಿಯ ಕೆಲಸಕ್ಕೆ ಆ ಕಡೆ ಹೋಗಬೇಕಾಯಿತು. ಕೆಲಸ ಮುಗಿಸಿ ಅವಳನ್ನು ನೋಡಲು ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕನ್ನಡದಲ್ಲೇ ಜೋಡಿಸಿಕೊಂಡೆ. ನೇಕಾರರ ಗಲ್ಲಿ. ಮಗ್ಗದ ಸದ್ದು. ಜೀಪು ಅವಳ ಬಾಗಿಲ ಮುಂದೆಯೇ ನಿಂತಿತು. ಗಲ್ಲಿಯ ಹೆಂಗಸರೆಲ್ಲ ಹೊರಗೆ ಬಂದರು. ಕಲಾವತಿ ಮಗ್ಗದ ಕಾಂಡಿಗೆ ನೂಲು ಸುತ್ತುತ್ತ ಕೂತಿದ್ದಳು, ಪಕ್ಕದ ಮನೆಯವಳ ಹೆಗಲಿಗೆ ಹೆಗಲು ತಾಗುವಂತೆ. ನಾನು ಇಳಿದು, 'ಕಲಾವತಿ, ಹೇಗಿದ್ದೀಯವ್ವಾ' ಎಂದೆ.

ಅವಳು ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ಜೀಪಿನ ಬದಿಗೆ ನೋಡಿದಳು. ಅಲ್ಲಿ ಹರಿಜನ ಕಲ್ಯಾಣ ಸಮಿತಿ ಎಂದು ದೊಡ್ಡ ಹಿಂದಿ ಅಕ್ಷರದಲ್ಲಿ ಬರೆದಿದೆ. ದಿನಾ ಹತ್ತಿ ಇಳಿಯುವ ಗಾಡಿ, ಅಕ್ಕಾ. ಅದರ ಮೇಲೆ ಬರಹವಿದೆ ಎಂಬುದೇ ನನ್ನ ಗಮನದಿಂದ ಹೋಗಿತ್ತು.

ಅವಳು ಕಾಂಡಿ ಕೆಳಗಿಟ್ಟು ಎದ್ದು, 'ಕಿಸಕಾ ಘರ್ ಚಾಹಿಯೇ, ಬಾಯಿ?' ಎಂದು, ಯಾರ ಮನೆ ಬೇಕೆಂದು ಹಿಂದಿಯಲ್ಲಿ ಕೇಳಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು ದಡ್ಡಿ, ಮತ್ತೆ ಕನ್ನಡದಲ್ಲೇ, ನಾನು ಸತ್ಯಭಾಮಾ ಅಂದೆ. ಅವಳು ಪಕ್ಕದವಳ ಕಡೆ ತಿರುಗಿ, ಈ ಬಾಯಿ ಏನು ಭಾಷೆ ಮಾತಾಡುತ್ತಾಳೋ ಎಂದು ಹಿಂದಿಯಲ್ಲಿ ನಕ್ಕಳು. ನಾಗಪುರದ ಮಕ್ಕಳಿಗೆ ಕನ್ನಡ ಕಲಿಸಿದ ಬಾಯಿ.

ಪಕ್ಕದವಳು ನಗಲಿಲ್ಲ. ಅವಳಿಗೆ ಓದು ಬರುತ್ತಿತ್ತು ಎಂದು ಕಾಣುತ್ತದೆ. ಹೆಗಲು ಸರಿಸಿಕೊಂಡು, ಜೀಪನ್ನೂ ಕಲಾವತಿಯನ್ನೂ ನೋಡಿ, ಮರಾಠಿಯಲ್ಲಿ ನನ್ನನ್ನು ಕೇಳಿದಳು. ಇವರು ತೆಲಂಗಾಣದ ಕಡೆಯ ನೇಕಾರರು ಎಂದು ಹೇಳಿದ್ದರು, ಈ ಗಾಡಿ ಇವರ ಮನೆಗೆ ಯಾಕೆ ಬಂತು, ನಿಮಗೆ ಇವರು ಗೊತ್ತೇ?

'ಗೊತ್ತಿಲ್ಲ,' ಎಂದೆ. 'ಮನೆ ತಪ್ಪಿ ಬಂದೆ.'

ಜೀಪು ಹತ್ತಿದೆ. ತಿರುಗಿ ನೋಡಲಿಲ್ಲ, ನೋಡಿದರೆ ಗುರುತಿನವರು ಎಂದಾಗುತ್ತಿತ್ತು. ನನ್ನ ಸುಳ್ಳನ್ನು ಆ ಹೆಂಗಸು ನಂಬಿದಳೋ ಇಲ್ಲವೋ ಎಂಬುದೊಂದೇ ಈಗ ನನ್ನ ಯೋಚನೆ. ಮೂರು ಸಲ ಅವಳ ಬಾಗಿಲು ತಟ್ಟಿದಂತಾಯಿತು. ಮೊದಲನೆಯ ಸಲ ನೀನು. ಆಮೇಲೆ ಎರಡೂ ಸಲ ನಾನೇ.

ಇದನ್ನು ನಿನಗೇ ಯಾಕೆ ಬರೆಯುತ್ತಿದ್ದೇನೆ? ಬೇರೆ ಯಾರಿಗೂ ಇದನ್ನು ಹೇಳುವಂತಿಲ್ಲ. ಇಲ್ಲಿ ನನ್ನನ್ನು ಹೊಗಳುವವರು ಬಹಳ.

ನಿನ್ನ
ಸತ್ಯಾ


ಧಾರವಾಡ
೮ ನವೆಂಬರ್ ೧೯೫೬

ಚಿ. ಸೌ. ಸತ್ಯಾಗ ಅನೇಕ ಆಶೀರ್ವಾದ.

ನಿನ್ನ ಪತ್ರ ಓದಿ ಮನಸ್ಸು ಹಗುರಾತು. ವರ್ಷ ಆದ ಮ್ಯಾಲೆ ಕಡೀಕ ನನಗ ಅಕ್ಕಾ ಅಂತ ಬಾಯಿ ತುಂಬ ಕರದೀದಿ. ಅವರು ನನಗ ಗೊತ್ತಿಲ್ಲ ಅಂತ ನೀನೇ ನಾಲ್ಕು ಮಂದಿಯೊಳಗ ಅಂದಿ ಅಂದ್ರ ಅಷ್ಟು ಸಾಕು. ಮೊದಲಿಗೇ ಅಂದಿದ್ದರ ಇಷ್ಟೆಲ್ಲಾ ಆಗತಿರಲಿಲ್ಲ. ಹೋಗಲಿ, ಇನ್ನ ಅದನ್ನ ತಗೀಬ್ಯಾಡ.

ಇಲ್ಲಿ ಏನು ಸಡಗರ ಅಂತೀ. ನಾಡು ಒಂದಾತು ಅಂತ ದೀಪಾವಳಿಯೊಳಗ ದೀಪಾವಳಿ. ಓಣಿಯೊಳಗೆಲ್ಲಾ ತೋರಣ, ಮೆರವಣಿಗಿ, ಕನ್ನಡದವರೆಲ್ಲಾ ಒಂದೇ ತಾಯಿ ಮಕ್ಕಳು ಅಂತ ಭಾಷಣ. ನಿನ್ನ ಭಾವನವರಿಗೆ ಎಲ್ಲಾ ಕಡೆ ಹಾರ. ನೀ ಇರಬೇಕಾಗಿತ್ತು.

ಅದೇ ಗದ್ದಲದೊಳಗ ಆ ಹುಡುಗಿ ಅಣ್ಣ ಹನುಮಂತ ಬಂದಿದ್ದ. ಲಕ್ಷ್ಮವ್ವ ಮನಿ ತೋರಿಸಿ ಕಳಸ್ಯಾಳ. ಧಾರವಾಡದ ಅಕ್ಕಾರು ಪುಸ್ತಕ ಕಳಿಸ್ಯಾರ ಅಂತ ಆಕಿ ಹಿಂದಕ್ಕ ಅವ್ವಗ ಬರದಿದ್ದಳಂತ, ಆ ನೆನಪಿನ ಮ್ಯಾಲೆ ಬಂದಾನ. ನಾಗಪುರಕ್ಕ ಹಾಕಿದ ಪತ್ರ ಎಲ್ಲಾ ತಿರುಗಿ ಬಂದಾವಂತ. ಆಕಿನೂ ಊರಿಗೆ ಒಂದು ಕಾಗದ ಹಾಕಿಲ್ಲ. ಅವ್ವ ಹಾಸಿಗಿ ಹಿಡದಾಳಂತ, ನೀರು ಸೈತ ಇಳೀವಲ್ಲದು, ಮಗಳ ಮಾರಿ ನೋಡಬೇಕಂತ ಜೀವ ಹಿಡಕೊಂಡು ಮಲಗ್ಯಾಳಂತ. 'ನಿಮ್ಮ ತಂಗೇರಿಗೆ ಗೊತ್ತಿರತೈತ್ರಿ, ಆಕಿ ಎಲ್ಲಿ ಅದಾಳ ಅಂತ ಒಂದು ಮಾತು ಹೇಳ್ರಿ ಯವ್ವಾ' ಅಂತ ಕಟ್ಟಿ ಕೆಳಗ ನಿಂತು ಬಾಳ ಅತ್ತ.

ನಿನ್ನ ಪತ್ರ ಒಳಗ ಪೆಟ್ಟಿಗಿಯೊಳಗ ಇತ್ತು. ಆದ್ರ ನಿನ್ನ ಮಾತು ನಾನು ಸುಳ್ಳು ಮಾಡಲಿಕ್ಕೆ ಬರತದೇನು? ನಮ್ಮ ಸತ್ಯಾಗ ಅವರ ಗುರುತಿಲ್ಲ, ಆಕೀನೇ ಬರದಾಳ ಅಂತ ಹೇಳಿದೆ. ನೀರು ಕೇಳಿದ. ಮ್ಯಾಲಿಂದ ಹೊಯ್ದೆ, ಬೊಗಸಿಯೊಳಗ ಕುಡದು ಹೋದ.

ಸಂಕ್ರಮಣಕ್ಕ ಬಂದು ನಾಲ್ಕು ದಿನ ಇದ್ದು ಹೋಗು.

ಆಶೀರ್ವಾದಗಳೊಂದಿಗೆ
ನಿನ್ನ ಅಕ್ಕ ಸುಭದ್ರಾ